ಉಪ್ಪುನೀರಿಗೆ ಯಾವ ರೀಲ್? ಡ್ರ್ಯಾಗ್ ನಂಬರ್ ಬಿಡಿ, ಉಪ್ಪಿಗೆ ತಡೆಯುತ್ತಾ ನೋಡಿ

ನೀವು ಕೇಳಿರುವುದು ಇಷ್ಟು: ಕೆರೆಯಲ್ಲಿ ಗಾಳ ಹಾಕಿ ರೂಢಿ ಇದೆ, ದಾರ ಸುತ್ತುವ 2500 ಸೈಜಿನ ರೀಲ್ ಒಂದು ಇದೆ, ಇನ್ನು ರಜೆಗೆ ಊರಿಗೆ ಬಂದಾಗ ಮಲ್ಪೆ, ಗಂಗೊಳ್ಳಿ ಕಡೆ ದಡದಿಂದಲೇ ಸಮುದ್ರಕ್ಕೆ ಹಾಕಬೇಕು. ಹತ್ತು ಸಾವಿರದ ಆಸುಪಾಸಿನಲ್ಲಿ ಯಾವ ರೀಲ್ ತಗೊಳ್ಳಲಿ, 20 ಕೆಜಿ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಬಿಗಿಹಿಡಿದು ಬಿಡುವ ಬ್ರೇಕ್) ಇರುವುದೇ ಬೇಕಾ ಅಂತ.

ಬೇಡ. 4000 ಅಥವಾ 5000 ಸೈಜಿನ, ಗಟ್ಟಿ ಮೈಯ, ಸಾದಾ ಸ್ಪಿನ್ನಿಂಗ್ ರೀಲ್ ಸಾಕು. ದಡದಲ್ಲಿ ನಿಂತು ಗಾಳ ಹಾಕುವವರ ರೀಲ್ ಹಾಳಾಗುವುದು ದೊಡ್ಡ ಮೀನು ಎಳೆದಿದ್ದಕ್ಕಲ್ಲ, ಉಪ್ಪಿಗೆ. ಇದೊಂದು ತಲೆಯಲ್ಲಿದ್ದರೆ ಅಂಗಡಿಯವರು ಹೇಳುವ ಅರ್ಧ ಮಾತು ಕೇಳುವ ಅಗತ್ಯವೇ ಇರುವುದಿಲ್ಲ.

ಮೊದಲು ಡ್ರ್ಯಾಗ್ ವಿಷಯ ಮುಗಿಸೋಣ. ದಡದಿಂದ ಹಾಕುವವರಿಗೆ 30 ಪೌಂಡಿನ ಬ್ರೇಡ್, ಅಂದರೆ ಹೆಣೆದ ದಾರ, ಧಾರಾಳವಾಯಿತು. ಅದು ಸುಮಾರು 13.6 ಕೆಜಿಗೆ ಕಡಿಯುತ್ತದೆ. ಡ್ರ್ಯಾಗ್ ಇಡಬೇಕಾದದ್ದು ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗ, ಅಂದರೆ ಮೂರೂವರೆಯಿಂದ ನಾಲ್ಕೂವರೆ ಕೆಜಿ. ಅಷ್ಟೇ. ನಂಬಿಕೆ ಬರದಿದ್ದರೆ ಲಗೇಜ್ ತೂಗುವ ಸಣ್ಣ ತಕ್ಕಡಿ ಇರುತ್ತದಲ್ಲ, ಅದಕ್ಕೆ ದಾರ ಕಟ್ಟಿ, ರಾಡ್ ಬಗ್ಗಿಸಿ ನಾಲ್ಕು ಕೆಜಿ ಎಳೆದು ನೋಡಿ, ಕೈ ನಡುಗುತ್ತದೆ. ಬಾಕ್ಸಿನ ಮೇಲಿನ 20 ಕೆಜಿ ಅನ್ನುವುದು ದಡದಲ್ಲಿ ನಿಂತವರಿಗೆ ಸುಮ್ನೆ ಒಂದು ನಂಬರ್. ನಿಜವಾಗಿ ಬೇಕಾದದ್ದು ನಯವಾಗಿ ಬಿಡುವ ಡ್ರ್ಯಾಗ್. ಕೆಂಬೇರಿ ಮೀನು ಗಾಳ ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ನುಗ್ಗುತ್ತದೆ. ಆ ಮೊದಲ ಎಳೆತಕ್ಕೆ ಡ್ರ್ಯಾಗ್ ಒಂದು ಕ್ಷಣ ಹಿಡಿದುಕೊಂಡು ಆಮೇಲೆ ಜರ್ಕ್ ಹೊಡೆದು ಬಿಟ್ಟರೆ ದಾರ ಅಲ್ಲೇ ಪಟ್ ಅನ್ನುತ್ತದೆ. ಅಂಗಡಿಯಲ್ಲಿ ಡ್ರ್ಯಾಗ್ ಅರ್ಧ ಬಿಗಿ ಮಾಡಿ ದಾರವನ್ನು ನಿಧಾನ ಎಳೆಯಿರಿ, ಆಮೇಲೆ ಒಮ್ಮೆಲೇ ಎಳೆಯಿರಿ. ಎರಡೂ ಸಲ ಒಂದೇ ಥರ ಬರಬೇಕು. ಡ್ರ್ಯಾಗಿನ ಒಳಗಿನ ವಾಷರ್ ಕಾರ್ಬನ್ ಫೈಬರಿನದ್ದಾದರೆ ಒಳ್ಳೆಯದು, ಒದ್ದೆಯಾದರೂ, ಬಿಸಿಯಾದರೂ ಅಷ್ಟಾಗಿ ಸ್ವಭಾವ ಬದಲಿಸುವುದಿಲ್ಲ.

ಸೈಜಿನ ನಂಬರ್ ಕೂಡ ಪೂರ್ತಿ ನಂಬುವ ಹಾಗಿಲ್ಲ. ಕಂಪನಿಗಳ ನಡುವೆ ಒಂದೇ ಅಳತೆ ಅಂತ ಏನೂ ಇಲ್ಲ. ಡೈವಾ 2018ರಲ್ಲಿ ಎಲ್‌ಟಿ ಸರಣಿ ತಂದಾಗ ತನ್ನದೇ ನಂಬರ್‌ಗಳನ್ನು ಬದಲಿಸಿತು, ಹಾಗಾಗಿ ಹಳೇ ಲೆಕ್ಕದ ಬಿಜಿ 4000 ಮತ್ತು ಎಲ್‌ಟಿ 4000 ಅಕ್ಕಪಕ್ಕ ಇಟ್ಟರೆ ಒಂದೇ ಸೈಜ್ ಅನ್ನಲಿಕ್ಕೇ ಆಗುವುದಿಲ್ಲ, ಬಿಜಿ ಎಷ್ಟೋ ದೊಡ್ಡದು. ಶಿಮಾನೋದಲ್ಲಿ 4000 ಮತ್ತು ಸಿ5000 ಎರಡಕ್ಕೂ ಮೈ ಒಂದೇ, ದಾರ ತುಂಬುವ ಸ್ಪೂಲ್ ಮಾತ್ರ ಬೇರೆ. ಪೆನ್ ಬ್ಯಾಟಲ್‌ನಲ್ಲಿ 4000ದಿಂದ 5000ಕ್ಕೆ ಹೋದರೆ ತೂಕ ಅರ್ಧ ಕೆಜಿ ದಾಟುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಲೂರ್ (ನಕಲಿ ಆಮಿಷ) ಎಸೆದು ಎಳೆದು ಮಾಡುವವರಿಗೆ ಮಣಿಕಟ್ಟಿನಲ್ಲೇ ಅದು ಗೊತ್ತಾಗುತ್ತದೆ. ಹಾಗಾಗಿ ಎರಡು ಸಂಗತಿ ನೋಡಿ: 30 ಪೌಂಡ್ ಬ್ರೇಡ್ 150 ಮೀಟರ್ ಹಿಡಿಯುತ್ತಾ, ತೂಕ 350ರಿಂದ 450 ಗ್ರಾಂ ಒಳಗೆ ಇದೆಯಾ. ಅಳಿವೆಯಲ್ಲಿ ಕೆಂಬೇರಿ, ಕೊಕ್ಕರ್ ಹುಡುಕುವವರಿಗೆ ಇಷ್ಟು ಸಾಕು. ಸಿಗಡಿ ಕಟ್ಟಿ, ಭಾರದ ಸೀಸ ಹಾಕಿ, ಮರಳು ದಂಡೆಯಿಂದ ದೂರ ಎಸೆದು ಕಾಯುವವರಾದರೆ 6000 ತಗೊಳ್ಳಬಹುದು, ಆಗ ರಾಡ್ ಸ್ಟ್ಯಾಂಡಿನಲ್ಲಿ ಇರುತ್ತದಾದ್ದರಿಂದ ತೂಕದ ಚಿಂತೆ ಇಲ್ಲ.

ಈಗ ಉಪ್ಪಿನ ಕತೆ. ರೀಲಿನಲ್ಲಿ ಮೊದಲು ಸಾಯುವುದು ಲೈನ್ ರೋಲರ್. ಬೇಲ್ ತಂತಿಯ ತುದಿಯಲ್ಲಿ ದಾರ ಹಾದುಹೋಗುವ ಪುಟ್ಟ ಉರುಳೆ ಇದೆಯಲ್ಲ, ಅದು. ಸಮುದ್ರದಲ್ಲಿ ನೆಂದ ಬ್ರೇಡ್ ಪ್ರತಿ ಸಲ ಸುತ್ತುವಾಗಲೂ ಉಪ್ಪುನೀರನ್ನು ತಂದು ಅಲ್ಲೇ ಹಿಂಡುತ್ತದೆ. ನೀರು ಆರಿ ಉಪ್ಪು ಒಳಗೆ ಉಳಿಯುತ್ತದೆ, ಬೇರಿಂಗ್ ಕಟ್ಟಿಕೊಳ್ಳುತ್ತದೆ, ಉರುಳೆ ತಿರುಗುವುದು ನಿಂತು ದಾರ ಅದರ ಮೇಲೆ ಉಜ್ಜಲು ಶುರುವಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬ್ರೇಡ್ ಮೇಲೆ ಹತ್ತಿಯ ಹಾಗೆ ಎಳೆ ಎದ್ದಾಗ ಎಲ್ಲರೂ ದಾರಕ್ಕೆ ಬೈತಾರೆ, ತಪ್ಪು ರೋಲರಿನದ್ದು. ಕೊಳ್ಳುವಾಗ ದಾರದ ತುಂಡೊಂದನ್ನು ಅದರ ಮೇಲೆ ಹಾಕಿ, ಸ್ವಲ್ಪ ಒತ್ತಿ ಆಚೀಚೆ ಎಳೆಯಿರಿ. ಉರುಳೆ ದಾರದ ಜೊತೆ ತಿರುಗಬೇಕು. ಅದರ ಸ್ಕ್ರೂ ನಾವೇ ಬಿಚ್ಚುವ ಹಾಗಿದೆಯಾ, ಬಿಡಿ ಬೇರಿಂಗ್ ಸಿಗುತ್ತಾ ಅಂತಲೂ ಕೇಳಿ.

ಇದೇ ಕಾರಣಕ್ಕೆ "ಸರ್, ಇದರಲ್ಲಿ ಹನ್ನೆರಡು ಬೇರಿಂಗ್" ಅಂತ ಯಾರಾದರೂ ತೋರಿಸಿದರೆ ನಾನು ಕೆಳಗಿಡುತ್ತೇನೆ. ಅಗ್ಗದ ರೀಲಿನಲ್ಲಿ ಹನ್ನೆರಡು ಬೇರಿಂಗ್ ಅಂದರೆ ತುಕ್ಕು ಹಿಡಿಯಲು ಹನ್ನೆರಡು ಜಾಗ. ಸೀಲ್ ಇರುವ ಐದಾರು ಸಾಕು. ಸ್ಪೂಲ್, ಮೈ ಅಲ್ಯೂಮಿನಿಯಂ, ಸ್ಕ್ರೂ ಸ್ಟೀಲು ಇದ್ದಲ್ಲಿ ಉಪ್ಪುನೀರು ಕೂತರೆ ಎರಡು ಲೋಹದ ನಡುವೆ ಬಿಳಿ ಪುಡಿ ಕಟ್ಟುತ್ತದೆ, ಪೇಂಟ್ ಉಬ್ಬುತ್ತದೆ. ಪೂರ್ತಿ ಲೋಹದ ಮೈ ಗಟ್ಟಿ ನಿಜ, ಆದರೆ ನೋಡಿಕೊಳ್ಳದಿದ್ದರೆ ಗ್ರಾಫೈಟ್ (ಗ್ರಾಫೈಟ್ ಬೆರೆಸಿದ ಪ್ಲಾಸ್ಟಿಕ್) ಮೈಗಿಂತ ಬೇಗ ಮುಖ ಕೆಡಿಸಿಕೊಳ್ಳುತ್ತದೆ.

ಸೀಲ್ ಇರುವ ರೀಲ್‌ಗಳ ಮೇಲೆ ಐಪಿಎಕ್ಸ್ ಅಂತ, ನೀರನ್ನು ಎಷ್ಟು ತಡೆಯುತ್ತದೆ ಅನ್ನುವ ನಂಬರ್ ಬರುತ್ತದೆ. ಪೆನ್ ಸ್ಪಿನ್‌ಫಿಶರ್‌ಗೆ ಐಪಿಎಕ್ಸ್5, ಸ್ಲ್ಯಾಮರ್‌ಗೆ ಐಪಿಎಕ್ಸ್6. ಎರಡೂ ಚಿಮ್ಮುವ ನೀರಿನ ಪರೀಕ್ಷೆಗಳು, ಮುಳುಗಿಸಿ ಇಡುವ ಪರೀಕ್ಷೆ ಬೇಕೆಂದರೆ 7ರಿಂದ ಮೇಲೆ. ಅಲೆ ಸೊಂಟಕ್ಕೆ ಹೊಡೆಯುವ ಜಾಗದಲ್ಲಿ ನಿಲ್ಲುವವರಿಗೆ ಸೀಲ್ ಬೇಕು. ಬ್ರೇಕ್‌ವಾಟರ್ (ಅಲೆ ತಡೆಯುವ ಕಲ್ಲಿನ ಕಟ್ಟೆ) ಮೇಲೆ ಒದ್ದೆಯಾಗದೆ ನಿಂತು ಹಾಕುವವರಿಗೆ ಅದಕ್ಕೆ ಕೊಡುವ ದುಡ್ಡು ಜಾಸ್ತಿಯೇ ಆಯಿತು. ಡೈವಾದ ಮ್ಯಾಗ್‌ಸೀಲ್ ಕೂಡ ಚೆನ್ನಾಗಿದೆ, ಕಾಂತಕ್ಕೆ ಅಂಟಿ ನಿಲ್ಲುವ ಎಣ್ಣೆಯೊಂದು ನೀರನ್ನು ತಡೆಯುತ್ತದೆ. ಆದರೆ ಆ ಜಾಗಕ್ಕೆ ನಾವು ಬೇರೆ ಎಣ್ಣೆ ಬಿಟ್ಟರೆ ಸೀಲ್ ಕೆಟ್ಟಿತು. ಮನೆಯಲ್ಲೇ ಬಿಚ್ಚಿ ಗ್ರೀಸ್ ಹಾಕುವ ಆಸೆ ಇರುವವರು ಅದರ ತಂಟೆಗೆ ಹೋಗಬೇಡಿ.

ಹೆಸರು ಹೇಳಿ ಅಂದರೆ ನನ್ನ ಕ್ರಮ ಹೀಗೆ. ಕೈ ಬಿಗಿ ಇದ್ದರೆ ಪೆನ್ ಪರ್ಸ್ಯೂಟ್ 4000, ಗ್ರಾಫೈಟ್ ಮೈ, ಒಳಗೆ ಕಾರ್ಬನ್ ಡ್ರ್ಯಾಗ್. ಬಜೆಟ್ ಸ್ವಲ್ಪ ಎಳೆಯಲು ಆದರೆ ಪೆನ್ ಬ್ಯಾಟಲ್ 4000 ಅಥವಾ ಡೈವಾ ಬಿಜಿ 3000 (ಹಳೇ ಲೆಕ್ಕದ ನಂಬರ್ ಆದ್ದರಿಂದ ಇದು ಬೇರೆಯವರ 4000ದಷ್ಟೇ). ಈ ಎರಡರಲ್ಲಿ ಯಾವುದಕ್ಕೆ ನಿಮ್ಮ ಊರಿನಲ್ಲಿ ಸ್ಪೇರ್ ಸಿಗುತ್ತದೋ ಅದು. ಗೇರ್ ರೇಷಿಯೋ 5.6 ಇರಲಿ, 6.2 ಇರಲಿ, ತಲೆ ಕೆಡಿಸಿಕೊಳ್ಳಬೇಡಿ. ಹ್ಯಾಂಡಲ್ ಒಂದು ಸುತ್ತಿಗೆ 90 ಸೆಂಟಿಮೀಟರ್ ದಾರ ಬಂದರೆ ಲೋಹದ ಲೂರ್ ಎಳೆಯಲು ವೇಗ ಸಾಕಾಗುತ್ತದೆ.

ನಿಮ್ಮ 2500 ಮಾರಬೇಡಿ. ಹಿನ್ನೀರಿನ ಮರಳಿನಲ್ಲಿ ಕಾಣೆ ಹಿಡಿಯಲು ಅದೇ ಸರಿ, ವಾಪಸ್ ಬಂದ ಮೇಲೆ ತೊಳೆದರೆ ಆಯಿತು.

ಬ್ರೇಡ್ ಸುತ್ತುವ ಮೊದಲು ಸ್ಪೂಲಿಗೆ ಏಳೆಂಟು ಸುತ್ತು ನೈಲಾನ್ ದಾರ ಹಾಕಿಸಿ, ಇಲ್ಲದಿದ್ದರೆ ಬ್ರೇಡ್ ಇಡೀ ಸುರುಳಿಯೇ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆ ಅಂತ ನೀವು ಅಂದುಕೊಳ್ಳುತ್ತೀರಿ. ತೊಳೆಯುವಾಗ ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ಚೊಂಬಿನಿಂದಲೋ ಷವರಿನಿಂದಲೋ ಸಿಹಿನೀರು ಮೆಲ್ಲಗೆ ಬಿಡಿ. ಪೈಪಿಗೆ ಬೆರಳು ಹಿಡಿದು ಜೋರಾಗಿ ಹೊಡೆದರೆ ಉಪ್ಪು ಒಳಕ್ಕೇ ಹೋಗುತ್ತದೆ. ಬಕೆಟ್ಟಿನಲ್ಲಿ ಮುಳುಗಿಸಲೂಬೇಡಿ. ಒರೆಸಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಸಡಿಲಿಸಿ ಇಡಿ, ವಾಷರ್ ಒತ್ತಿಕೊಂಡೇ ಇರಬಾರದು. ರೋಲರಿಗೆ ಒಂದು ತೊಟ್ಟು ಎಣ್ಣೆ. ಜೂನ್, ಜುಲೈಯಲ್ಲಿ ಯಾಂತ್ರೀಕೃತ ದೋಣಿಗಳಿಗೂ ರಜೆ, ಕಲ್ಲಿನ ಮೇಲೆ ನಿಲ್ಲುವ ಸಮುದ್ರವೂ ಅದಲ್ಲ. ಆ ಎರಡು ತಿಂಗಳಲ್ಲಿ ರೀಲ್ ಬಿಚ್ಚಿಸಿ ಗ್ರೀಸ್ ಬದಲಿಸಿ, ರೀಲಿನ ಜೊತೆ ಬಂದ ಬಟ್ಟೆ ಚೀಲದಲ್ಲಿ ಕಟ್ಟಿಡಬೇಡಿ. ನಮ್ಮ ಕರಾವಳಿಯ ಮಳೆಗಾಲಕ್ಕೆ ಚೀಲ ಬೂಷ್ಟು ಹಿಡಿದು ಒಳಗಿನ ಸ್ಕ್ರೂಗೂ ತುಕ್ಕು ಹತ್ತುತ್ತದೆ.