ಡೇಟೋನಾ 500: ನಿಮ್ಮ ಅಂಕಿಗಳಿಗೆ ಸಂಪಾದಕರ ಉತ್ತರ

ನಮಸ್ಕಾರ.

ಅಮೆರಿಕದ ಫ್ಲಾರಿಡಾದಲ್ಲಿ ಪ್ರತಿ ವರ್ಷ ನಡೆಯುವ 500 ಮೈಲಿ, ಅಂದರೆ 200 ಸುತ್ತಿನ ಸ್ಟಾಕ್ ಕಾರ್ ರೇಸ್ ಡೇಟೋನಾ 500ಕ್ಕೆ ಮುನ್ನ ಪ್ರಕಟಿಸಲೆಂದು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡುವ ಲೇಖನವೂ ಅಲ್ಲ. ಅಷ್ಟೊಂದು ಕೋಷ್ಟಕ ಕಲೆಹಾಕಿದ ಶ್ರಮ ಎದ್ದು ಕಾಣುತ್ತದೆ, ಸ್ಟಾಕ್ ಕಾರ್ ರೇಸಿಂಗ್ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದೂ ಕಡಿಮೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇವೆ.

ನಿಮ್ಮ ಅಂಕಿಗಳು ಬಹುಪಾಲು ಸರಿಯಿವೆ. ಎಡವಿರುವುದು ಅವನ್ನು ಕೂಡಿಸಿದ ರೀತಿಯಲ್ಲಿ. 1959ರಿಂದ 2025ರವರೆಗಿನ 67 ರೇಸ್‌ಗಳನ್ನು ಒಂದೇ ರಾಶಿಗೆ ಸುರಿದು ಸರಾಸರಿ ತೆಗೆದಿದ್ದೀರಿ. ಈ ಅವಧಿಯಲ್ಲಿ ಕಾರು ಬದಲಾಗಿದೆ, ಎಂಜಿನ್ನಿನ ಶಕ್ತಿ ಬದಲಾಗಿದೆ, ರೇಸ್ ಮುಗಿಯುವ ನಿಯಮವೇ ಬದಲಾಗಿದೆ. ಯಾವ ಅಂಕಿ ಯಾವ ನಿಯಮದ ಕಾಲದ್ದು ಎನ್ನುವುದು ಲೇಖನದಲ್ಲಿ ಎಲ್ಲೂ ಇಲ್ಲ.

ಮೊದಲು ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನದ ವಿಚಾರ. "ಮೊದಲ ಸ್ಥಾನದಿಂದ ಹೊರಟವರು ಗೆಲ್ಲುವ ಸಾಧ್ಯತೆ ಶೇ 13" ಎಂದು ಬರೆದಿದ್ದೀರಿ. 67ರಲ್ಲಿ 9, ಲೆಕ್ಕ ಸರಿ. ಆ ಒಂಬತ್ತನ್ನು ವರ್ಷದ ಪ್ರಕಾರ ಬಿಡಿಸಿಡಿ: 1962ರಲ್ಲಿ ಫೈರ್‌ಬಾಲ್ ರಾಬರ್ಟ್ಸ್, 1966ರಲ್ಲಿ ರಿಚರ್ಡ್ ಪೆಟ್ಟಿ, 1968 ಮತ್ತು 1984ರಲ್ಲಿ ಕೇಲ್ ಯಾರ್ಬರೋ, 1980ರಲ್ಲಿ ಬಡ್ಡಿ ಬೇಕರ್, 1985 ಮತ್ತು 1987ರಲ್ಲಿ ಬಿಲ್ ಎಲಿಯಟ್, 1999ರಲ್ಲಿ ಜೆಫ್ ಗಾರ್ಡನ್, 2000ದಲ್ಲಿ ಡೇಲ್ ಜ್ಯಾರೆಟ್. ಈಗ 1987ರ ಕೆಳಗೆ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ 29 ರೇಸ್, 7 ಗೆಲುವು, ಅಂದರೆ ಶೇ 24. ಗೆರೆಯ ಕೆಳಗೆ 38 ರೇಸ್, 2 ಗೆಲುವು, ಶೇ 5. ಶೇ 13 ಎನ್ನುವುದು ಯಾವ ಕಾಲಕ್ಕೂ ಹೊಂದದ ಅಂಕಿ. 2001ರಿಂದ 2025ರವರೆಗಂತೂ ಪೋಲ್‌ನಿಂದ ಹೊರಟ ಒಬ್ಬರೂ ಗೆದ್ದಿಲ್ಲ.

ಗೆರೆ ಅಲ್ಲೇ ಏಕೆ ಎನ್ನುವುದನ್ನೇ ನೀವು ಬರೆಯಬೇಕಿತ್ತು. 1987ರಲ್ಲಿ ಎಲಿಯಟ್ ಡೇಟೋನಾದ ಅರ್ಹತಾ ಸುತ್ತನ್ನು ಗಂಟೆಗೆ 210.364 ಮೈಲಿ, ಅಂದರೆ ಸುಮಾರು 338.5 ಕಿ.ಮೀ. ವೇಗದಲ್ಲಿ ಓಡಿಸಿದರು. ಆ ದಾಖಲೆ ಇಂದಿಗೂ ಉಳಿದಿದೆ. ಅದೇ ವರ್ಷ ಮೇ ತಿಂಗಳಲ್ಲಿ ಅಲಬಾಮಾದ ಟ್ಯಾಲಡೇಗಾ ಟ್ರ್ಯಾಕ್‌ನಲ್ಲಿ ಬಾಬಿ ಆಲಿಸನ್ ಅವರ ಕಾರು ಗಾಳಿಗೆದ್ದು ಪ್ರೇಕ್ಷಕರ ಮುಂದಿನ ಬೇಲಿಗೆ ಬಡಿಯಿತು. 1988ರಿಂದ ಈ ಎರಡು ಟ್ರ್ಯಾಕ್‌ಗಳಲ್ಲಿ ರಿಸ್ಟ್ರಿಕ್ಟರ್ ಪ್ಲೇಟ್ ಕಡ್ಡಾಯವಾಯಿತು. ಕಾರ್ಬ್ಯುರೇಟರ್‌ಗೂ ಇನ್‌ಟೇಕ್ ಮ್ಯಾನಿಫೋಲ್ಡ್‌ಗೂ ನಡುವೆ ಕೂರುವ ನಾಲ್ಕು ತೂತಿನ ಲೋಹದ ತಟ್ಟೆ ಅದು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅದು ಹಿಡಿದಿಡುತ್ತದೆ, ಗಾಳಿ ಕಡಿಮೆಯಾದರೆ ಶಕ್ತಿಯೂ ಕಡಿಮೆ. 2019ರ ಡೇಟೋನಾ 500 ಆ ತಟ್ಟೆಯ ಕೊನೆಯ ರೇಸ್. ಈಗ ಒಳಗೆ ಹೋದಂತೆ ಕಿರಿದಾಗುವ ತೂತುಗಳ ಟೇಪರ್ಡ್ ಸ್ಪೇಸರ್ ಅದೇ ಕೆಲಸ ಮಾಡುತ್ತದೆ, ಎಂಜಿನ್ ಸುಮಾರು 510 ಅಶ್ವಶಕ್ತಿಗೆ ನಿಲ್ಲುತ್ತದೆ.

ಶಕ್ತಿ ಕಡಿಮೆಯಾದಾಗ ಮುಂದಿನ ಕಾರು ಸೀಳಿದ ಗಾಳಿಯ ಮರೆಯಲ್ಲಿ ಓಡುವ ಡ್ರಾಫ್ಟಿಂಗ್‌ಗೆ ಬೆಲೆ ಬರುತ್ತದೆ. ಒಂಟಿ ಕಾರು ಎಷ್ಟೇ ಚುರುಕಾಗಿದ್ದರೂ ಸಾಲಾಗಿ ಬರುವ ಕಾರುಗಳ ಮುಂದೆ ನಿಲ್ಲಲಾರದು. ಪೋಲ್ ನಿರ್ಧಾರವಾಗುವುದು ಒಂಟಿಯಾಗಿ ಓಡಿಸಿದ ಸುತ್ತಿನಿಂದ, ರೇಸ್ ನಡೆಯುವುದು ಗುಂಪಿನಲ್ಲಿ. ಒಂದರ ಅಂಕಿಯಿಂದ ಇನ್ನೊಂದರ ಭವಿಷ್ಯ ಹೇಳಲು ಹೊರಟರೆ ಕೈಕೊಡುತ್ತದೆ. ಈ ಎರಡು ವಾಕ್ಯ ಲೇಖನದಲ್ಲಿ ಬಂದರೆ ನಿಮ್ಮ ಆರು ಸಾಲಿನ ಪೋಲ್ ಕೋಷ್ಟಕದ ಅಗತ್ಯವೇ ಇರುವುದಿಲ್ಲ.

ಎರಡನೆಯದು, "ಸರಾಸರಿ ವೇಗ ವರ್ಷದಿಂದ ವರ್ಷಕ್ಕೆ ಏರಿದೆ" ಎಂಬ ಮಾತು. ಅತಿ ವೇಗದ ಡೇಟೋನಾ 500 ನಡೆದದ್ದು 1980ರಲ್ಲಿ: ಬಡ್ಡಿ ಬೇಕರ್, ಗಂಟೆಗೆ 177.602 ಮೈಲಿ, 2 ಗಂಟೆ 48 ನಿಮಿಷ 55 ಸೆಕೆಂಡ್. ಇಷ್ಟು ವರ್ಷವಾದರೂ ಯಾರೂ ಅದನ್ನು ಮುರಿದಿಲ್ಲ. ಸರಾಸರಿ ವೇಗ ಕಾರಿನ ತಾಕತ್ತಿಗಿಂತ ಹೆಚ್ಚಾಗಿ ಹಳದಿ ಬಾವುಟ ಎಷ್ಟು ಹೊತ್ತು ಹಾರಿತು ಎನ್ನುವುದನ್ನು ತೋರಿಸುತ್ತದೆ. ಅಪಘಾತವಾದರೆ ಎಲ್ಲರೂ ಪೇಸ್ ಕಾರಿನ ಹಿಂದೆ ನಿಧಾನಕ್ಕೆ ಸುತ್ತಬೇಕು, ಆ ಸುತ್ತುಗಳೂ ಲೆಕ್ಕಕ್ಕೆ ಸೇರುತ್ತವೆ. 1959ರ ಮೊದಲ ರೇಸ್‌ನಲ್ಲಿ ಹಳದಿ ಬಾವುಟ ಒಮ್ಮೆಯೂ ಹಾರಲಿಲ್ಲ, 2011ರಲ್ಲಿ 16 ಸಲ ಹಾರಿತು. ಹಳದಿ ಬಾವುಟದ ಸಂಖ್ಯೆಯನ್ನು ಪಕ್ಕದಲ್ಲಿ ಕೊಡದೆ ಸರಾಸರಿ ವೇಗ ಕೊಡಬೇಡಿ.

2011ರ ಮಾತು ಬಂತಲ್ಲ, ಆ ರೇಸ್‌ನಲ್ಲಿ 74 ಬಾರಿ ಮುನ್ನಡೆ ಬದಲಾಯಿತು, 22 ಚಾಲಕರು ಮುಂದೆ ಇದ್ದರು ಎಂದು ಬರೆದು "ಪೈಪೋಟಿ ಹೆಚ್ಚುತ್ತಿರುವುದಕ್ಕೆ ಸಾಕ್ಷಿ" ಎಂದು ಮುಗಿಸಿದ್ದೀರಿ. ಕಾರಣ ಬೇರೆ ಇದೆ. 2010ರ ರೇಸ್ ನಡುವೆ ಟ್ರ್ಯಾಕ್‌ನಲ್ಲಿ ಗುಂಡಿ ಬಿದ್ದು, ಅದನ್ನು ಮುಚ್ಚಲು ರೇಸನ್ನು ಒಟ್ಟು ಎರಡು ಗಂಟೆಗೂ ಹೆಚ್ಚು ಹೊತ್ತು ನಿಲ್ಲಿಸಬೇಕಾಯಿತು. ಆಮೇಲೆ ಇಡೀ ಟ್ರ್ಯಾಕ್‌ಗೆ ಹೊಸ ಡಾಂಬರು ಹಾಕಿದರು. ಹೊಸ ಡಾಂಬರಿನ ಹಿಡಿತದ ಮೇಲೆ ಎರಡೆರಡು ಕಾರುಗಳು ಬಂಪರಿಗೆ ಬಂಪರ್ ಅಂಟಿಸಿ ಓಡಿದರೆ ಎಲ್ಲರಿಗಿಂತ ವೇಗ ಎಂದು ಚಾಲಕರು ಕಂಡುಕೊಂಡರು. ಆದರೆ ಹಿಂದಿನಿಂದ ತಳ್ಳುವ ಕಾರಿನ ರೇಡಿಯೇಟರ್‌ಗೆ ಗಾಳಿ ಸಿಗದೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಆಗಾಗ ಇಬ್ಬರೂ ಜಾಗ ಅದಲುಬದಲು ಮಾಡಿಕೊಳ್ಳಲೇಬೇಕು. 74ಕ್ಕೆ ದೊಡ್ಡ ಕಾರಣ ಇದೇ. ಇನ್ನೊಂದು ಸಂಗತಿ: ಅಧಿಕೃತ ಲೆಕ್ಕ ಆರಂಭದ ಗೆರೆಯ ಮೇಲೆ ಮಾತ್ರ. ಸುತ್ತಿನ ನಡುವೆ ಮುಂದೆ ಹೋಗಿ, ಗೆರೆ ತಲುಪುವ ಮೊದಲೇ ಹಿಂದೆ ಬಿದ್ದರೆ ಅದು ದಾಖಲಾಗುವುದಿಲ್ಲ.

ಇನ್ನು ಚಾಲಕರ ಕೋಷ್ಟಕ. ಲೇಖನದ ಅರ್ಧ ಭಾಗ ಇದೇ ಇದೆ, ಹೆಚ್ಚು ತಿದ್ದುಪಡಿ ಬೇಕಿರುವುದೂ ಇಲ್ಲೇ. ಕಳೆದ ಐದು ಡೇಟೋನಾ 500ರ "ಸರಾಸರಿ ಸ್ಥಾನ" ಹಿಡಿದು ಚಾಲಕರನ್ನು ಮೇಲಿಂದ ಕೆಳಗೆ ಜೋಡಿಸಿದ್ದೀರಿ. ಒಂದು ಲೆಕ್ಕ ಮಾಡಿ ನೋಡಿ. ಒಬ್ಬ ಚಾಲಕ ಐದು ರೇಸ್‌ಗಳಲ್ಲಿ 1, 2, 3, 36, 38ನೇ ಸ್ಥಾನ ಪಡೆದ ಎಂದುಕೊಳ್ಳಿ. ಮೊತ್ತ 80, ಸರಾಸರಿ 16. ಇನ್ನೊಬ್ಬ 14, 15, 16, 17, 18ನೇ ಸ್ಥಾನ ಪಡೆದ. ಅವನದೂ ಮೊತ್ತ 80, ಸರಾಸರಿ 16. ನಿಮ್ಮ ಕೋಷ್ಟಕದಲ್ಲಿ ಇಬ್ಬರೂ ಸರಿಸಮ. ಮೊದಲನೆಯವನು ಅಪಘಾತಕ್ಕೆ ಸಿಕ್ಕದಿದ್ದಾಗಲೆಲ್ಲ ಗೆಲುವಿನ ಬಾಗಿಲಿಗೆ ಬರುವವನು, ಎರಡನೆಯವನು ಪ್ರತಿ ಸಲ ಕ್ಷೇಮವಾಗಿ ನಡುವಿನಲ್ಲಿ ಮುಗಿಸುವವನು. ಮಧ್ಯದ ಅಂಕಿ ತೆಗೆದುಕೊಂಡರೆ ಒಬ್ಬನದು 3, ಇನ್ನೊಬ್ಬನದು 16, ವ್ಯತ್ಯಾಸ ತಕ್ಷಣ ಕಾಣುತ್ತದೆ. ಈ ಟ್ರ್ಯಾಕ್‌ನಲ್ಲಿ ಒಂದು ಕಾರು ತಿರುಗಿದರೆ ಹಿಂದಿನ ಹದಿನೈದು ಇಪ್ಪತ್ತು ಕಾರುಗಳು ಅದಕ್ಕೆ ಸಿಕ್ಕಿಬೀಳುವುದು ಸಾಮಾನ್ಯ. ಆದ್ದರಿಂದ ಸರಾಸರಿ ಬಿಟ್ಟು ಮಧ್ಯಾಂಕ ಕೊಡಿ. ಜೊತೆಗೆ ಅಪಘಾತದಿಂದ ಹೊರಬಿದ್ದದ್ದು ಎಷ್ಟು ಸಲ, ಗೆದ್ದವರಷ್ಟೇ ಸುತ್ತು ಓಡಿ ಮುಗಿಸಿದ್ದು ಎಷ್ಟು ಸಲ ಎಂಬ ಎರಡು ಅಂಕಣ ಹಾಕಿ.

ಐದು ರೇಸ್ ಎಂದರೆ ಐದೇ ರೇಸ್. ಮಾದರಿ ಹಿಗ್ಗಿಸಬೇಕೆಂದರೆ ಡೇಟೋನಾದ ಬೇಸಿಗೆ ರೇಸ್ ಇದೆ. ಅದು 160 ಸುತ್ತು, 400 ಮೈಲಿ. ಟ್ಯಾಲಡೇಗಾದಲ್ಲಿ ವರ್ಷಕ್ಕೆ ಎರಡು ರೇಸ್ ಇವೆ. 2022ರಿಂದ ಅಟ್ಲಾಂಟಾ ಕೂಡ ತಿರುವುಗಳಲ್ಲಿ 28 ಡಿಗ್ರಿ ಇಳಿಜಾರಿನೊಂದಿಗೆ ಈ ಬಗೆಯ ಗುಂಪು ರೇಸ್ ಆಗಿದೆ. ಸೇರಿಸಿ, ಆದರೆ ಬೇರೆ ಬೇರೆ ಅಂಕಣದಲ್ಲಿ. ಟ್ಯಾಲಡೇಗಾದ ಸುತ್ತು 2.66 ಮೈಲಿ, ಇಳಿಜಾರು 33 ಡಿಗ್ರಿ. ಡೇಟೋನಾದ್ದು 2.5 ಮೈಲಿ, 31 ಡಿಗ್ರಿ. ಅಟ್ಲಾಂಟಾದ್ದು 1.54 ಮೈಲಿ ಮಾತ್ರ. 2022ರಲ್ಲಿ ನೆಕ್ಸ್ಟ್ ಜೆನ್ ಎಂಬ ಹೊಸ ಮಾದರಿಯ ಕಾರು ಬಂದ ಮೇಲಿನ ರೇಸ್‌ಗಳನ್ನು ಹಿಂದಿನವುಗಳ ಜೊತೆ ಬೆರೆಸಬೇಡಿ. ರೇಸ್‌ನ ಉದ್ದಕ್ಕೂ ಸರಾಸರಿ ಯಾವ ಸ್ಥಾನದಲ್ಲಿ ಓಡಿದರು ಎಂಬ ಅಂಕಿ ಅಧಿಕೃತವಾಗಿ ಸಿಗುವುದು 2005ರಿಂದ ಈಚೆಗೆ, ಅದಕ್ಕೂ ಹಿಂದಿನ ಚಾಲಕರೊಂದಿಗೆ ಹೋಲಿಸಬೇಡಿ.

"ಹೆಚ್ಚು ಸುತ್ತು ಮುಂದಿದ್ದವರೇ ನೆಚ್ಚಿನವರು" ಎಂಬ ಸಾಲನ್ನು ತೆಗೆಯಿರಿ. 2017ರಲ್ಲಿ ಕರ್ಟ್ ಬುಷ್, 2018ರಲ್ಲಿ ಆಸ್ಟಿನ್ ಡಿಲನ್, 2021ರಲ್ಲಿ ಮೈಕಲ್ ಮ್ಯಾಕ್‌ಡವೆಲ್ ಮೂವರೂ ಇಡೀ ರೇಸ್‌ನಲ್ಲಿ ಮುಂದಿದ್ದದ್ದು ಕೊನೆಯ ಒಂದೇ ಸುತ್ತು. ಮ್ಯಾಕ್‌ಡವೆಲ್‌ಗೆ ಅದು 358ನೇ ರೇಸ್, ಮೊದಲ ಗೆಲುವು.

ರಿಚರ್ಡ್ ಪೆಟ್ಟಿ ಬಗ್ಗೆ "ಏಳು ಸಲ 500 ಮೈಲಿ ಓಡಿ ಗೆದ್ದವರು" ಎಂದಿದ್ದೀರಿ. ಏಳು ಗೆಲುವು ನಿಜ. ಆದರೆ 1966ರ ರೇಸ್ ಮಳೆಯಿಂದ 198 ಸುತ್ತಿಗೆ ನಿಂತಿತು, 495 ಮೈಲಿ. 1974ರದ್ದು ಇಂಧನ ಬಿಕ್ಕಟ್ಟಿನಿಂದ ಮೊದಲೇ 450 ಮೈಲಿಗೆ ಇಳಿಸಿದ ರೇಸ್. ಮೊದಲ 20 ಸುತ್ತು ಓಡಿದಂತೆಯೇ ಲೆಕ್ಕ ಹಿಡಿದು 21ನೇ ಸುತ್ತಿನಿಂದ ಎಣಿಕೆ ಶುರು ಮಾಡಿದರು. ಈ ಹೆಸರಿನಲ್ಲಿರುವ 500ನ್ನು ಕಣ್ಣುಮುಚ್ಚಿ ನಂಬಬೇಡಿ. ಮಳೆಯಿಂದ ಮೊಟಕಾದವು ನಾಲ್ಕು: 1965ರಲ್ಲಿ 133 ಸುತ್ತು, 1966ರಲ್ಲಿ 198, 2003ರಲ್ಲಿ 109, 2009ರಲ್ಲಿ 152. ಟಯರಿನಲ್ಲಿ ಗೀರುಗಳೇ ಇಲ್ಲದ ಕಾರುಗಳು ನೀರು ನಿಂತ ಇಳಿಜಾರಿನಲ್ಲಿ ಓಡಲಾರವು, ಅದಕ್ಕೇ ಮಳೆ ಬಂದರೆ ನಿಲ್ಲಿಸುತ್ತಾರೆ. ಇನ್ನೊಂದು ಕಡೆ, ಹಳದಿ ಬಾವುಟದಡಿ ರೇಸ್ ಮುಗಿಯಬಾರದೆಂದು ಹೆಚ್ಚುವರಿ ಸುತ್ತು ಓಡಿಸುವ ನಿಯಮ ಬಂದ ಮೇಲೆ 2005ರಲ್ಲಿ 203, 2020ರಲ್ಲಿ 209, 2023ರಲ್ಲಿ 212 ಸುತ್ತು ನಡೆಯಿತು. 212 ಎಂದರೆ 530 ಮೈಲಿ, ಈವರೆಗಿನ ಅತಿ ಉದ್ದದ್ದು.

"ಡೇಟೋನಾ 500 ಎಂದಿನಿಂದಲೂ ಋತುವಿನ ಮೊದಲ ರೇಸ್" ಎಂಬುದೂ ತಪ್ಪು. 1982ರಿಂದ ಹಾಗೆ. ಅದಕ್ಕೂ ಮೊದಲು ಹಲವು ವರ್ಷ ಋತು ಶುರುವಾಗುತ್ತಿದ್ದದ್ದು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ.

ಇತಿಹಾಸದ ಭಾಗದಲ್ಲಿ 1979ರ ಕೊನೆಯ ಸುತ್ತಿನ ಅಪಘಾತ, ಹೊಡೆದಾಟಕ್ಕೆ ನಾಲ್ಕು ಪ್ಯಾರಾ ಕೊಟ್ಟು, 1959ಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ. ಅಂಕಿಗಳ ಲೇಖನಕ್ಕೆ 1959 ಹೇಳಿಮಾಡಿಸಿದ ವಸ್ತು. 59 ಕಾರುಗಳು ಹೊರಟವು. ಕೊನೆಯಲ್ಲಿ ಮೂರು ಕಾರುಗಳು ಒಟ್ಟೊಟ್ಟಿಗೆ ಗೆರೆ ದಾಟಿದವು: ಲೀ ಪೆಟ್ಟಿಯ ಓಲ್ಡ್ಸ್‌ಮೊಬೀಲ್, ಜಾನಿ ಬೋಶಾಂಪ್ ಅವರ ಥಂಡರ್‌ಬರ್ಡ್, ಪಕ್ಕದಲ್ಲಿ ಸುತ್ತಿನ ಲೆಕ್ಕದಲ್ಲಿ ಹಿಂದಿದ್ದ ಜೋ ವೆದರ್ಲಿ. ಬೋಶಾಂಪ್ ಗೆದ್ದರೆಂದು ಘೋಷಿಸಿ ವಿಜಯ ವೇದಿಕೆಗೆ ಕಳಿಸಿಯೂ ಆಯಿತು. ಟ್ರ್ಯಾಕ್ ಕಟ್ಟಿಸಿದ ಬಿಲ್ ಫ್ರಾನ್ಸ್ ಛಾಯಾಚಿತ್ರ, ಸುದ್ದಿಚಿತ್ರಗಳನ್ನು ತರಿಸಿ ನೋಡಿ, 61 ಗಂಟೆಗಳ ನಂತರ ಲೀ ಪೆಟ್ಟಿ ಗೆದ್ದರೆಂದು ತೀರ್ಮಾನ ಕೊಟ್ಟರು. ಇದರ ಪಕ್ಕದಲ್ಲೇ 2016 ಇಡಿ: ಡೆನ್ನಿ ಹ್ಯಾಮ್ಲಿನ್ ಮಾರ್ಟಿನ್ ಟ್ರೂಎಕ್ಸ್ ಜೂನಿಯರ್ ಅವರನ್ನು ಸೋಲಿಸಿದ್ದು 0.010 ಸೆಕೆಂಡಿನಲ್ಲಿ. ಆ ವೇಗದಲ್ಲಿ ಅದು ಒಂದು ಮೀಟರಿಗೂ ಕಡಿಮೆ ದೂರ, ಆದರೂ ಫಲಿತಾಂಶ ಆ ಕ್ಷಣವೇ ಗೊತ್ತಾಯಿತು. ಅಳೆಯುವ ವಿಧಾನ ಎಷ್ಟು ಬದಲಾಯಿತು ಎಂದು ಓದುಗರಿಗೆ ಇದಕ್ಕಿಂತ ಚೆನ್ನಾಗಿ ತೋರಿಸಲಾಗದು. 1979ಕ್ಕೆ ಎರಡು ವಾಕ್ಯ ಸಾಕು.

ಈ ಸಲದ ರೇಸ್ ನೋಡುವವರಿಗೆ ಏನು ಗಮನಿಸಬೇಕೆಂದು ಒಂದು ಮಾತೂ ಹೇಳಿಲ್ಲ, ಅದು ದೊಡ್ಡ ಕೊರತೆ. ಇಂಧನದ ಲೆಕ್ಕ ಕೊಡಿ. ರೇಸ್‌ನ ಮೂರು ಭಾಗಗಳಾದ ಸ್ಟೇಜ್‌ಗಳು 65, 130, 200ನೇ ಸುತ್ತಿಗೆ ಮುಗಿಯುತ್ತವೆ. ಟ್ಯಾಂಕ್ 20 ಗ್ಯಾಲನ್, ಅಂದರೆ ಸುಮಾರು 75 ಲೀಟರ್, ಓಡುವುದು ಹೆಚ್ಚುಕಡಿಮೆ 40 ಸುತ್ತು. ಹಾಗಾಗಿ 65 ಸುತ್ತಿನ ಸ್ಟೇಜ್ ನಡುವೆ ಒಮ್ಮೆಯಾದರೂ ಇಂಧನ ತುಂಬಿ ಚಕ್ರ ಬದಲಿಸುವ ಜಾಗವಾದ ಪಿಟ್‌ಗೆ ಬರಬೇಕು. ಈಗ ಪ್ರತಿ ಚಕ್ರಕ್ಕೆ ನಡುವೆ ಒಂದೇ ನಟ್ ಇರುವುದರಿಂದ ನಾಲ್ಕು ಚಕ್ರ ಬದಲಿಸಲು ಸುಮಾರು 10 ಸೆಕೆಂಡ್ ಸಾಕು. ತಡವಾಗುವುದು ಇಂಧನ ತುಂಬಲು. ಆದ್ದರಿಂದ ಚಾಲಕರು ಗುಂಪಿನೊಳಗೆ ಆಕ್ಸಿಲರೇಟರ್ ಪೂರ್ತಿ ಒತ್ತದೆ ಇಂಧನ ಉಳಿಸುತ್ತಾರೆ. ಉಳಿಸಿದವರಿಗೆ ಪಿಟ್‌ನಲ್ಲಿ ಕಡಿಮೆ ತುಂಬಿದರೆ ಸಾಕು, ಬೇಗ ಹೊರಡುತ್ತಾರೆ, ಮುಂದಿನ ಸಾಲಿಗೆ ಬರುತ್ತಾರೆ. ಅವರೇಕೆ ನಿಧಾನ ಓಡಿಸುತ್ತಿದ್ದಾರೆ ಎಂದು ಮೊದಲ ಸಲ ನೋಡುವವರು ಖಂಡಿತ ಕೇಳುತ್ತಾರೆ. ಉತ್ತರ ನಿಮ್ಮ ಲೇಖನದಲ್ಲಿ ಸಿಗಬೇಕು.

ಭಾಷೆಯ ಬಗ್ಗೆ ಒಂದೇ ಮಾತು. "ದಾಸ್ತಾನು ಶಕಟ ಸ್ಪರ್ಧೆ" ಯಾರಿಗೂ ಅರ್ಥವಾಗುವುದಿಲ್ಲ. ಸ್ಟಾಕ್ ಕಾರ್ ಎಂದೇ ಬರೆಯಿರಿ. ಶೋರೂಮಿನಿಂದ ತಂದ ಕಾರನ್ನು ಹಾಗೇ ಓಡಿಸಬೇಕು ಎಂಬ ನಿಯಮದಿಂದ ಆ ಹೆಸರು ಬಂತು, ಈಗಿನ ಕಾರು ರೇಸ್‌ಗೆಂದೇ ಕಟ್ಟಿದ್ದು ಎಂದು ವಿವರಿಸಿ. 31 ಡಿಗ್ರಿ ಇಳಿಜಾರನ್ನು "ಕಡಿದಾದ" ಎಂದು ಬಿಟ್ಟರೆ ಕಣ್ಣಿಗೆ ಕಟ್ಟುವುದಿಲ್ಲ. ಹತ್ತು ಅಡಿ ಅಡ್ಡ ಸರಿದರೆ ಆರಡಿ ಮೇಲೇರುವ ರಸ್ತೆ ಎನ್ನಿ. ಆ ಏರಿಗೆ ಮಣ್ಣು ತೋಡಿದ ಜಾಗವೇ ಟ್ರ್ಯಾಕ್ ಒಳಗಿನ ಲೇಕ್ ಲಾಯ್ಡ್ ಕೆರೆ.

ತಿದ್ದಿದ ಪ್ರತಿ ಸಾವಿರ ಪದ ಮೀರದಿರಲಿ, ಕೋಷ್ಟಕ ಎರಡೇ ಸಾಕು. ರೇಸ್ ಸಮಯವನ್ನು ನಮ್ಮ ಗಡಿಯಾರದಲ್ಲಿ ಕೊಡಿ: ಫ್ಲಾರಿಡಾದಲ್ಲಿ ಭಾನುವಾರ ಮಧ್ಯಾಹ್ನ 2.30 ಎಂದರೆ ಇಲ್ಲಿ ಸೋಮವಾರ ಬೆಳಗಿನ ಜಾವ 1 ಗಂಟೆ. 2024ರಂತೆ ಮಳೆ ಬಂದರೆ ಒಂದು ದಿನ ಮುಂದೆ ಹೋಗಬಹುದು ಎಂದೂ ಸೇರಿಸಿ. ಮೊದಲ ಸಾಲಿನ ಎರಡು ಸ್ಥಾನ ಬಿಟ್ಟರೆ ಉಳಿದ ಸಾಲುಗಳು ಬಹುಪಾಲು ಗುರುವಾರ ರಾತ್ರಿಯ ಡ್ಯುಯೆಲ್ ಎಂಬ ಎರಡು ಅರ್ಹತಾ ರೇಸ್‌ಗಳಿಂದ ನಿರ್ಧಾರವಾಗುತ್ತವೆ, ನಮಗೆ ಆಗ ಶುಕ್ರವಾರ ಬೆಳಗ್ಗೆ. ಆ ಜಾಗ ಖಾಲಿ ಬಿಟ್ಟು ಉಳಿದ ಲೇಖನವನ್ನು ವಾರ ಮೊದಲೇ ಕಳಿಸಿ, ಹೊರಡುವ ಕ್ರಮವನ್ನು ಶುಕ್ರವಾರ ಮಧ್ಯಾಹ್ನದೊಳಗೆ ತುಂಬಿಕೊಡಿ.

ವಿಶ್ವಾಸದಿಂದ,
ಸಂಪಾದಕ