ಬಳ್ಳಾರಿಯಲ್ಲಿ ಎರಡು ಸೆಟ್ ಟೈರ್ ಬೇಡ, ಇರುವ ಸೆಟ್ಟಿನ ವಯಸ್ಸು ನೋಡಿ

ಜರ್ಮನಿಯಿಂದ ಬಳ್ಳಾರಿಗೆ ಮರಳುತ್ತಿದ್ದೀರಿ. ಅಲ್ಲಿನಂತೆ ಇಲ್ಲಿಯೂ ಬೇಸಿಗೆಗೆ ಒಂದು ಸೆಟ್, ಮಳೆ ಮತ್ತು ಚಳಿಗೆ ಇನ್ನೊಂದು ಸೆಟ್ ಟೈರ್ ಇಟ್ಟುಕೊಂಡು, ಬಳಸದ ಸೆಟ್ಟನ್ನು ಮಾಳಿಗೆಯ ಮೇಲಿನ ತಗಡಿನ ಶೆಡ್‌ನಲ್ಲಿ ಇಡಬಹುದೇ ಎಂದು ಕೇಳಿದ್ದೀರಿ. ಇದೇ ಯೋಚನೆಯನ್ನು ಹೊತ್ತುಕೊಂಡು ನಾನೂ ಸ್ಟುಟ್‌ಗಾರ್ಟ್‌ನಿಂದ ಊರಿಗೆ ಬಂದವನು. ಶೆಡ್‌ನಲ್ಲಿ ಇಡಬೇಡಿ. ಎರಡನೆಯ ಸೆಟ್ಟೇ ಬೇಡ.

ಜರ್ಮನಿಯಲ್ಲಿ ಅಕ್ಟೋಬರ್ ಬಂತೆಂದರೆ ಚಳಿಗಾಲದ ಟೈರ್, ಈಸ್ಟರ್ ಕಳೆದರೆ ಬೇಸಿಗೆಯ ಟೈರ್ ಎನ್ನುವುದು ಮನೆಮನೆಯ ರೂಢಿ. ಹಿಮ ಬಿದ್ದ ರಸ್ತೆಯಲ್ಲಿ ಚಳಿಗಾಲದ ಟೈರ್ ಇಲ್ಲದೆ ಓಡಿಸಬಾರದೆಂಬ ಕಾನೂನು 2010ರಿಂದ ಇದೆ. 2024ರ ಅಕ್ಟೋಬರ್‌ನಿಂದ ಆ ಟೈರಿನ ಮೇಲೆ ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಗುರುತೂ ಇರಬೇಕು. ನಾನೇ ಜಾಕ್ ಹಾಕಿ ಬದಲಿಸುತ್ತಿದ್ದೆ, ಯಾವ ಚಕ್ರ ಯಾವ ಮೂಲೆಯದೆಂದು ಸೀಮೆಸುಣ್ಣದಲ್ಲಿ ಬರೆದು ಕಟ್ಟಡದ ನೆಲಮಾಳಿಗೆಯಲ್ಲಿ ಪೇರಿಸಿಡುತ್ತಿದ್ದೆ. ಆ ನೆಲಮಾಳಿಗೆ ವರ್ಷವಿಡೀ ತಂಪಾಗಿ, ಒಣಗಿ, ಕತ್ತಲಾಗಿ ಇರುತ್ತಿತ್ತು. ಟೈರ್ ಕೆಡದೆ ಉಳಿಯುತ್ತಿದ್ದುದು ಅದರ ಪುಣ್ಯದಿಂದ. ನನ್ನ ಶಿಸ್ತಿನಿಂದ ಎಂದು ನಾನು ನಂಬಿದ್ದೆ.

2014ರಲ್ಲಿ ಊರಿಗೆ ಬಂದು ಕಾರು ಕೊಂಡೆ. ಮಳೆಯಲ್ಲಿ ಹಿಡಿತ ಚೆನ್ನಾಗಿರುವ ಬೇರೆ ಟೈರ್ ಹಾಕಿಸಿ, ಕಂಪನಿಯಿಂದ ಬಂದ ನಾಲ್ಕನ್ನೂ ಬೇಸಿಗೆಗೆ ಇರಲಿ ಎಂದು ಮಾಳಿಗೆಯ ಶೆಡ್‌ಗೆ ಸೇರಿಸಿದೆ. ಬದಲಿಸುವ ದಿನ ಬರಲೇ ಇಲ್ಲ. ಬಳ್ಳಾರಿಯ ಬೇಸಿಗೆಯಲ್ಲೂ ಮಳೆಯಲ್ಲೂ ಹಾಕಿದ್ದ ಟೈರೇ ಚೆನ್ನಾಗಿ ಓಡಿತು, ಏಕೆಂದರೆ ನಮ್ಮಲ್ಲಿ ಮಾರುವ ಕಾರಿನ ಟೈರ್ ಎರಡಕ್ಕೂ ಆಗುವಂಥದ್ದು. ಅದು ಸವೆದಾಗ, 2022ರಲ್ಲಿ, ಶೆಡ್‌ನಲ್ಲಿದ್ದ ನಾಲ್ಕನ್ನು ಕೆಳಗಿಳಿಸಿದೆ. ಬಟನ್, ಅಂದರೆ ರಸ್ತೆಗೆ ತಾಗುವ ಭಾಗದ ಉಬ್ಬುಗಳು, ಹೊಸದರಂತೆಯೇ ಇತ್ತು. ನಾಣ್ಯ ತೂರಿಸಿ ಆಳ ನೋಡಿದೆ, ತೃಪ್ತಿಯಾಯಿತು. ತೊಳೆದು ಪಾಲಿಶ್ ಹಾಕಿಸಿದೆ, ಇನ್ನೂ ಮಿಂಚಿದವು.

ಮೇ ತಿಂಗಳ ಮಧ್ಯಾಹ್ನ ಹೊಸಪೇಟೆಯಿಂದ ಬರುತ್ತಿದ್ದೆವು. ತೋರಣಗಲ್ಲು ದಾಟಿ ಕುಡಿತಿನಿಯ ಕಡೆಗೆ ಬರುವಾಗ ಹಿಂದಿನ ಎಡಗಡೆಯ ಟೈರ್ ಸಿಡಿಯಿತು. ಅದಿರಿನ ಲಾರಿಗಳ ನಡುವೆ ಕಾರು ಅಡ್ಡ ತಿರುಗಿ ಡಿವೈಡರ್‌ಗೆ ಹೊಡೆಯಿತು. ಹಿಂದೆ ಕುಳಿತಿದ್ದ ಅಮ್ಮನ ಬಲಗೈ ಮುರಿಯಿತು. ಅವರಿಗೆ ಇಂದಿಗೂ ಆ ಕೈಯಲ್ಲಿ ತುಂಬಿದ ಕೊಡ ಎತ್ತಲು ಆಗುವುದಿಲ್ಲ.

ನಾನು ತಪ್ಪಿದ್ದು ಒಂದೇ ಕಡೆ, ಅದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲಿಯೇ ತಪ್ಪುವ ದಾರಿಯಲ್ಲಿದ್ದೀರಿ. ನಾನು ಬಟನ್ ನೋಡಿದೆ, ಬದಿ ನೋಡಲಿಲ್ಲ. ಬಟನ್ ಸವೆಯುವುದು ಓಡಿದರೆ ಮಾತ್ರ. ರಬ್ಬರ್ ಮುದಿಯಾಗುವುದು ಸುಮ್ಮನೆ ಬಿದ್ದಿದ್ದರೂ ನಡೆಯುತ್ತದೆ. ಉಳಿದ ಮೂರು ಟೈರ್‌ಗಳನ್ನು ಪಂಕ್ಚರ್ ಅಂಗಡಿಯವರು ರಿಮ್‌ನಿಂದ ಬಿಚ್ಚಿ, ಬದಿಯನ್ನು ಮೊಣಕಾಲಿಗೆ ಒತ್ತಿ ಬಾಗಿಸಿ ತೋರಿಸಿದರು. ನೆಟ್ಟಗಿದ್ದಾಗ ಏನೂ ಕಾಣದ ಜಾಗದಲ್ಲಿ ಬಾಗಿಸಿದ ಕೂಡಲೇ ನೂರಾರು ಸಣ್ಣ ಬಿರುಕುಗಳು ಬಾಯಿ ತೆರೆದವು. ಬಿಸಿ ರೊಟ್ಟಿ ಮತ್ತು ಖಡಕ್ ರೊಟ್ಟಿ ಅಳತೆಯಲ್ಲಿ ಒಂದೇ, ಮಡಚಿದಾಗಲೇ ಯಾವುದು ಯಾವುದೆಂದು ತಿಳಿಯುವುದು.

ಕಾರಣ ಇಷ್ಟು. ರಬ್ಬರನ್ನು ಒಳಗಿನಿಂದ ತಿನ್ನುವುದು ಶಾಖ ಮತ್ತು ಆಮ್ಲಜನಕ, ಹೊರಗಿನಿಂದ ತಿನ್ನುವುದು ಬಿಸಿಲು ಮತ್ತು ಓಝೋನ್. ಇದನ್ನು ತಡೆಯಲೆಂದೇ ಟೈರಿನಲ್ಲಿ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಗಾಡಿ ಓಡುವಾಗ ಟೈರ್ ಬಾಗಿ ಬಿಚ್ಚಿಕೊಳ್ಳುತ್ತಾ ಆ ಮೇಣವನ್ನು ಮೇಲ್ಮೈಗೆ ತಂದುಕೊಳ್ಳುತ್ತದೆ. ವರ್ಷಗಟ್ಟಲೆ ಬಿದ್ದ ಟೈರಿಗೆ ಆ ರಕ್ಷಣೆ ಕಡಿಮೆಯಾಗುತ್ತದೆ. ನನ್ನ ಶೆಡ್ಡು ತಗಡಿನದು, ಬಳ್ಳಾರಿಯ ಬಿಸಿಲಿಗೆ ಒಳಗೆ ನಿಲ್ಲಲಾಗುತ್ತಿರಲಿಲ್ಲ. ಸಾಲದ್ದಕ್ಕೆ ಪಕ್ಕದ ಕಟ್ಟಡದಲ್ಲಿ ಲಾರಿ ಬಾಡಿ ಕಟ್ಟುವವರ ವೆಲ್ಡಿಂಗ್ ದಿನವಿಡೀ ನಡೆಯುತ್ತಿತ್ತು, ವೆಲ್ಡಿಂಗ್ ಕಿಡಿಯಿಂದ ಓಝೋನ್ ಹುಟ್ಟುತ್ತದೆ. ಮೇಲೆ ಪಾಲಿಶ್ ಬಳಿದು ಇದ್ದ ಬಿರುಕನ್ನೂ ನಾನೇ ಮುಚ್ಚಿದೆ. ಟೈರಿನ ಬದಿಯಲ್ಲಿ ಅದರ ಹುಟ್ಟಿದ ದಿನ ಅಚ್ಚಾಗಿರುತ್ತದೆ, ಡಿಓಟಿ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ: 1814 ಎಂದಿದ್ದರೆ 2014ರ ಹದಿನೆಂಟನೆಯ ವಾರ. ಅದನ್ನು ಓದಿದ್ದರೆ ಸಾಕಿತ್ತು.

ಬಿಸಿ ಊರಿನ ವಿಷಯದಲ್ಲಿ ಇದು ನನ್ನೊಬ್ಬನ ಅನುಭವವಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2007ರಲ್ಲಿ ಅಲ್ಲಿನ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ಒಂದು ವಿಮಾ ಕಂಪನಿಯ ಲೆಕ್ಕವಿದೆ. ಟೆಕ್ಸಾಸ್, ಅರಿಝೋನಾ ಮುಂತಾದ ಐದು ಸೆಕೆ ರಾಜ್ಯಗಳಲ್ಲಿ ಅದರ ಗ್ರಾಹಕರು 27 ಶೇಕಡಾ, ಟೈರ್ ಸಂಬಂಧದ ಪರಿಹಾರ ಅರ್ಜಿಗಳು ಮಾತ್ರ 77 ಶೇಕಡಾ. ಅವುಗಳಲ್ಲಿ 84 ಶೇಕಡಾ ಆರು ವರ್ಷ ಮೀರಿದ ಟೈರ್‌ಗಳದು. ಹಲವು ಟೈರ್ ಕಂಪನಿಗಳು ಹತ್ತು ವರ್ಷದ ಗಡಿ ಹೇಳುತ್ತವೆ, ಐದರ ನಂತರ ವರ್ಷಕ್ಕೊಮ್ಮೆ ಪರೀಕ್ಷಿಸಿ ಎನ್ನುತ್ತವೆ. ಬಳ್ಳಾರಿ, ರಾಯಚೂರು, ಕೊಪ್ಪಳದವರು ಆರಕ್ಕೆ ತೆಗೆದುಬಿಡಿ, ಬಟನ್ ಎಷ್ಟೇ ಇರಲಿ.

ಚಳಿಗಾಲದ ಟೈರ್ ಇಲ್ಲಿ ಯಾಕೆ ಬೇಡವೆಂದರೆ, ಬೇಸಿಗೆಯ ರಬ್ಬರ್ ಸುಮಾರು ಏಳು ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ ಎಂಬ ಕಾರಣಕ್ಕೆ ಮೆದು ರಬ್ಬರಿನಲ್ಲಿ ಮಾಡಿದ ಟೈರ್ ಅದು. ನಮ್ಮ ಡಿಸೆಂಬರ್ ಅಲ್ಲಿಗೆ ಇಳಿಯುವಂಥದ್ದಲ್ಲ. ಮೇ ತಿಂಗಳ ಡಾಂಬರಿನ ಮೇಲೆ ಆ ಟೈರ್ ಬೇಗ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಗಾಡಿ ನಿಲ್ಲುವುದೂ ತಡವಾಗುತ್ತದೆ.

ಮಳೆಗೆ ಬೇಕಾದದ್ದು ಬಟನ್ನಿನ ಆಳ. ಕಾನೂನು 1.6 ಮಿಲಿಮೀಟರ್‌ವರೆಗೆ ಬಿಡುತ್ತದೆ, ನಾನು ಮೂರಕ್ಕೇ ಬದಲಿಸುತ್ತೇನೆ. ಬೇಸಿಗೆಗೆ ಬೇಕಾದದ್ದು ಸರಿಯಾದ ಗಾಳಿ. ಸೆಕೆಗೆ ಸಿಡಿಯುತ್ತದೆಂದು ಗಾಳಿ ಇಳಿಸಿ ಓಡಿಸುವ ಪದ್ಧತಿ ನಮ್ಮ ಕಡೆ ಎಲ್ಲೆಲ್ಲೂ ಇದೆ, ಅದು ಅಪಾಯ. ಗಾಳಿ ಕಡಿಮೆಯಾದರೆ ಬದಿ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ಹಿಡಿಸಿ. ಓಡಿ ಬಿಸಿಯಾದ ಟೈರಿನಿಂದ ಗಾಳಿ ಬಿಡಬೇಡಿ.

ಹಳೆಯ ಸೆಟ್ಟನ್ನು ಕೆಲವು ತಿಂಗಳು ಇಡಲೇಬೇಕೆಂದಿದ್ದರೆ ಮನೆಯೊಳಗಿನ ತಂಪು ಕೋಣೆಯಲ್ಲಿ ಇಡಿ. ತೊಳೆದು, ಪೂರ್ತಿ ಒಣಗಿಸಿ, ಪಾಲಿಶ್ ಹಾಕದೆ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ರಿಮ್ ಸಮೇತ ಇದ್ದರೆ ಒಂದರ ಮೇಲೊಂದು ಮಲಗಿಸಿ, ಬರೀ ಟೈರ್ ಆದರೆ ನೆಟ್ಟಗೆ ನಿಲ್ಲಿಸಿ ತಿಂಗಳಿಗೊಮ್ಮೆ ತಿರುಗಿಸಿ. ನೀರಿನ ಮೋಟರ್, ಪೆಟ್ರೋಲ್ ಕ್ಯಾನ್, ಎಣ್ಣೆ ಹತ್ತಿರ ಇರಬಾರದು. ನನ್ನನ್ನು ಕೇಳಿದರೆ, ಹೊಸ ಸೆಟ್ ಹಾಕಿಸುವ ದಿನವೇ ಹಳೆಯದನ್ನು ಅಂಗಡಿಗೆ ಕೊಟ್ಟು ದುಡ್ಡು ಕಡಿಮೆ ಮಾಡಿಸಿಕೊಳ್ಳಿ, ಹೊಸದರ ನಾಲ್ಕು ಅಂಕಿಯನ್ನು ಹಾಕಿಸುವ ಮೊದಲೇ ಓದಿ, ಹಾಗೆಯೇ ಡಿಕ್ಕಿ ತೆಗೆದು ಸ್ಟೆಪ್ನಿಯದನ್ನೂ ಓದಿಬಿಡಿ.