ಡೇನಾಗೆ ಅತ್ತವರು ಮ್ಯಾಕ್ಸ್‌ಗೆ ನಕ್ಕರು

ಪ್ರಶ್ನೆ: ನನಗೆ 42 ವರ್ಷ, ಬೆಂಗಳೂರಿನಲ್ಲಿದ್ದೇನೆ. ನಾನು ಲೆಸ್ಬಿಯನ್. 2007ರ ಸುಮಾರಿಗೆ ನಾವು ಐದಾರು ಜನ ಒಬ್ಬಳ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಲಾಸ್ ಏಂಜಲೀಸ್‌ನ ಲೆಸ್ಬಿಯನ್ ಗೆಳತಿಯರ ಕಥೆಯ ಅಮೆರಿಕನ್ ಸೀರಿಯಲ್ ‘ದಿ ಎಲ್ ವರ್ಡ್’ ನೋಡುತ್ತಿದ್ದೆವು. ಯಾರೋ ಅಮೆರಿಕದಿಂದ ಹಾರ್ಡ್ ಡಿಸ್ಕಿನಲ್ಲಿ ತಂದುಕೊಟ್ಟಿದ್ದರು. ಈಗ ಒಬ್ಬೊಬ್ಬರು ಒಂದೊಂದು ಊರಲ್ಲಿದ್ದೇವೆ. ಭಾನುವಾರ ರಾತ್ರಿ ವಿಡಿಯೊ ಕಾಲ್‌ನಲ್ಲಿ ಸೇರಿ ಮೊದಲಿಂದ ಮತ್ತೆ ನೋಡುತ್ತಿದ್ದೇವೆ. ಅಂದಿನ ಗುಂಪಿನಲ್ಲಿದ್ದ ಒಬ್ಬ ಈಗ ಟ್ರಾನ್ಸ್ ಪುರುಷ, ಅಂದರೆ ಹುಟ್ಟಿದಾಗ ಹೆಣ್ಣು ಅನ್ನಿಸಿಕೊಂಡು ಈಗ ಗಂಡಾಗಿ ಬದುಕುತ್ತಿರುವವನು. ಅವನೂ ಬರುತ್ತಿದ್ದ. ಮೂರನೇ ಸೀಸನ್‌ನಲ್ಲಿ ಟ್ರಾನ್ಸ್ ಪುರುಷ ಮ್ಯಾಕ್ಸ್‌ನ ಪಾತ್ರ ಬಂದಾಗ ಒಬ್ಬಳು ಗಡ್ಡದ ಬಗ್ಗೆ ಜೋಕ್ ಮಾಡಿದಳು. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಅವನು ಕ್ಯಾಮೆರಾ ಆಫ್ ಮಾಡಿದ. ಆಮೇಲೆ ಬಂದೇ ಇಲ್ಲ. ಕೇಳಿದರೆ ‘ಕೆಲಸ ಜಾಸ್ತಿ’ ಅಂತಾನೆ. ಜೋಕ್ ಮಾಡಿದವಳು ‘ಅಷ್ಟು ಹಳೇ ಸೀರಿಯಲ್ಲು, ಅದನ್ನೂ ಮನಸ್ಸಿಗೆ ಹಚ್ಕೊಂಡ್ರೆ ಹೇಗೆ’ ಅಂತಾಳೆ. ಮೂರನೇ ಸೀಸನ್ ಬಿಟ್ಟು ಮುಂದಕ್ಕೆ ಹೋಗೋಣವೇ? ನೋಡುವುದನ್ನೇ ನಿಲ್ಲಿಸೋಣವೇ? ಆ ದಿನಗಳಲ್ಲಿ ನನ್ನನ್ನು ಉಳಿಸಿದ್ದೇ ಈ ಸೀರಿಯಲ್. ಅದನ್ನು ಕೆಟ್ಟದ್ದು ಅನ್ನಲು ಮನಸ್ಸು ಬರುತ್ತಿಲ್ಲ.

ಉತ್ತರ: ಸೀಸನ್ ಬಿಡಬೇಡಿ. ಆದರೆ ಈ ಭಾನುವಾರ ನೋಡಲೂ ಬೇಡಿ. ಮೊದಲು ಅವನ ಹತ್ತಿರ ಮಾತಾಡಿ.

ಮೂರನೇ ಸೀಸನ್ ಹಾರಿಸುವುದು ನಿಮ್ಮ ಗುಂಪಿನಿಂದ ಆಗುವ ಕೆಲಸವೂ ಅಲ್ಲ ಬಿಡಿ. ಡೇನಾ ಸಾಯುವುದು ಅದರಲ್ಲೇ ಅಲ್ವಾ. ಟೆನಿಸ್ ಆಡಿಕೊಂಡು, ಎಲ್ಲರಿಗೂ ಹೆದರಿಕೊಂಡು, ಕೊನೆಗೂ ಧೈರ್ಯ ಮಾಡಿದ ಹುಡುಗಿಯನ್ನು ಸ್ತನ ಕ್ಯಾನ್ಸರ್ ಕೊಟ್ಟು ಕೊಂದರಲ್ಲ ಅಂತ 2006ರಲ್ಲಿ ಅಭಿಮಾನಿಗಳು ಸಿಟ್ಟಾದರು. ಎಷ್ಟೋ ಜನರಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ನನಗೂ. ಶೇನ್ ಮದುವೆಯ ದಿನ ಕಾರ್ಮೆನ್‌ಳನ್ನು ಬಿಟ್ಟು ಹೋಗುವುದೂ ಇದೇ ಸೀಸನ್‌ನಲ್ಲಿ. ಇಷ್ಟನ್ನೆಲ್ಲ ಬಿಟ್ಟು ನಾಲ್ಕಕ್ಕೆ ಹೋದರೆ ಯಾರು ಎಲ್ಲಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಯಾರಿಗಾಗಿ ಬಿಟ್ಟಿರಿ ಅನ್ನುವುದು ಅವನಿಗೆ ಗೊತ್ತಾಗೇ ಆಗುತ್ತದೆ. ‘ನನ್ನಿಂದ ಎಲ್ಲರ ಭಾನುವಾರ ಹಾಳಾಯ್ತು’ ಅನ್ನುವ ಭಾರವೂ ಅವನ ತಲೆಗೇ ಬರುತ್ತದೆ.

ಈಗ ಮ್ಯಾಕ್ಸ್ ವಿಷಯ. ಸೀಸನ್ ಶುರುವಿನಲ್ಲಿ ಅವನ ಹೆಸರು ಮೊಯಿರಾ. ಇಲಿನಾಯ್‌ನ ಸ್ಕೋಕಿಯಿಂದ ಆ ಗೆಳತಿಯರ ಗುಂಪಿನ ಜೆನ್ನಿಯ ಜೊತೆ ಲಾಸ್ ಏಂಜಲೀಸ್‌ಗೆ ಬರುತ್ತಾನೆ. ನಾವು ಪ್ರೀತಿಸಿದ ಆ ಗೆಳತಿಯರ ಗುಂಪು ಅವನನ್ನು ನೋಡುವ ರೀತಿ ನೆನಪಿದೆಯಾ? ಬಟ್ಟೆ ಸರಿಯಿಲ್ಲ, ದುಡ್ಡಿಲ್ಲ, ಮಾತು ಗೊತ್ತಿಲ್ಲ. ಮ್ಯಾಕ್ಸ್ ಆದ ಮೇಲಂತೂ ಇನ್ನೂ ದೂರ. ಕಿಟ್ ಥರದ ಒಳ್ಳೆಯವಳೂ, ಹೆಂಗಸಾಗಿರುವುದನ್ನು ಯಾಕೆ ಬಿಟ್ಟುಕೊಡಬೇಕು ಅನ್ನುವ ಧಾಟಿಯಲ್ಲಿ ಬುದ್ಧಿ ಹೇಳುತ್ತಾಳೆ. ಬರೆದವರು ಕೆಲವನ್ನು ಚೆನ್ನಾಗಿಯೇ ಹಿಡಿದಿದ್ದಾರೆ. ಮೊಯಿರಾ ಆಗಿ ಹೋದಾಗ ಸಿಗದ ಕಂಪ್ಯೂಟರ್ ಕಂಪನಿಯ ಕೆಲಸ, ಮ್ಯಾಕ್ಸ್ ಆಗಿ ಹೋದಾಗ ಸಿಗುತ್ತದೆ. ಅದು ನಿಜವಾಗಿ ಚುಚ್ಚುವ ಭಾಗ. ಆದರೆ ಟೆಸ್ಟೊಸ್ಟೆರಾನ್ ಅನ್ನುವ ಪುರುಷ ಹಾರ್ಮೋನ್ ತಗೊಂಡ ಕೂಡಲೇ ಒಬ್ಬ ಮನುಷ್ಯ ಸಿಡುಕನಾಗಿ, ಜೆನ್ನಿಯ ಮೇಲೆ ಹರಿಹಾಯುವವನಾಗಿ ಬದಲಾಗಿಬಿಡುತ್ತಾನೆ ಅಂತ ತೋರಿಸಿದ್ದಿದೆಯಲ್ಲ, ಅದಕ್ಕೆ ಟ್ರಾನ್ಸ್ ಪ್ರೇಕ್ಷಕರು ವರ್ಷಗಟ್ಟಲೆ ಬೈದಿದ್ದಾರೆ. ಬೈದದ್ದು ಸರಿಯಾಗಿಯೇ ಇದೆ.

2009ರ ಕೊನೆಯ ಸೀಸನ್‌ನಲ್ಲಿ ಇನ್ನೂ ಕೆಟ್ಟದಾಯಿತು. ಬಸುರಿಯಾದ ಮ್ಯಾಕ್ಸ್‌ನನ್ನು ಸಂಗಾತಿ ಬಿಟ್ಟು ಹೋಗುತ್ತಾನೆ. ಗೆಳತಿಯರು ಅವನನ್ನು ಕೂರಿಸಿಕೊಂಡು, ಅವನು ಬೇಡ ಬೇಡ ಅಂದರೂ ‘ಅಮ್ಮ’ನಿಗೆ ಮಾಡುವ ಹಾಗೆ, ನಮ್ಮ ಸೀಮಂತದಂಥ ಬೇಬಿ ಶವರ್ ಮಾಡುತ್ತಾರೆ. ಮುಂದೆ ಅವನ ಕಥೆ ಏನಾಯಿತು ಅಂತ ಹೇಳುವ ಗೋಜಿಗೂ ಸೀರಿಯಲ್ ಹೋಗಲಿಲ್ಲ. ಇದು ಅನ್ಯಾಯ ಅಂತ ಆ ಕಡೆಯವರಿಗೂ ಗೊತ್ತಿತ್ತು. ಮುಂದುವರಿದ ಭಾಗವಾಗಿ ಬಂದ ‘ಜನರೇಷನ್ ಕ್ಯೂ’ದ ಮೂರನೇ ಸೀಸನ್‌ಗೆ, 2022ರಲ್ಲಿ, ಮ್ಯಾಕ್ಸ್‌ನನ್ನು ವಾಪಸ್ ಕರೆತಂದರು. ಅದೇ ಡ್ಯಾನಿಯೆಲ್ ಸೀ ಆ ಪಾತ್ರ ಮಾಡಿದರು. ಶೇನ್ ಅವನ ಎದುರಿಗೆ ನಿಂತು ಹಳೆಯದಕ್ಕೆಲ್ಲ ಕ್ಷಮೆ ಕೇಳುತ್ತಾಳೆ.

ನೋಡಿ, ಸೀರಿಯಲ್ಲೇ ಕ್ಷಮೆ ಕೇಳಿ ಆಗಿದೆ. ನಿಮ್ಮ ಗೆಳತಿ ಇನ್ನೂ ‘ಹಳೇ ಸೀರಿಯಲ್ಲು’ ಅಂತಿದ್ದಾಳೆ. ಸೀರಿಯಲ್ ಹಳೆಯದು, ನಿಜ. ನೀವು ನಕ್ಕಿದ್ದು ಹಳೆಯದಲ್ಲ. ಅವನಿಗೆ ನೋವಾದದ್ದು 2006ರಲ್ಲಿ ಯಾರೋ ಬರೆದ ಸಂಭಾಷಣೆಯಿಂದ ಅಂತ ನನಗನ್ನಿಸುವುದಿಲ್ಲ. ಅದನ್ನು ಅವನು ಹಿಂದೆಯೇ ನೋಡಿದ್ದಾನೆ. ಅದರಲ್ಲಿ ಏನಿದೆ ಅಂತ ನಿಮ್ಮೆಲ್ಲರಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಂದು ಕೂತ, ಯಾಕೆಂದರೆ ನೀವಿದ್ದಿರಿ.

ನೀವು ಬರೆಯದೇ ಬಿಟ್ಟ ಒಂದು ವಿಷಯ ನನ್ನನ್ನು ಕಾಡುತ್ತಿದೆ. 2007ರಲ್ಲಿ ಅವನೂ ಆ ಬಾಡಿಗೆ ಮನೆಯಲ್ಲಿದ್ದ. ನೀವೆಲ್ಲ ಸೀರಿಯಲ್‌ನ ಜೋಡಿ ಬೆಟ್, ಟೀನಾರನ್ನು ನೋಡಿ ‘ಅಬ್ಬಾ, ನಮ್ಮಂಥವರು ಹೀಗೂ ಬದುಕಬಹುದಾ’ ಅಂತ ಉಸಿರಾಡುತ್ತಿದ್ದಾಗ ಅವನು ಯಾರನ್ನು ನೋಡುತ್ತಿದ್ದ? ಆಗ ಟಿವಿಯಲ್ಲಿ ಮ್ಯಾಕ್ಸ್ ಥರದವರು ಇನ್ನೆಲ್ಲಿದ್ದರು? ಅರ್ಧಂಬರ್ಧ, ಸೊಟ್ಟಂಬಟ್ಟ ಚಿತ್ರವೇ ಇರಬಹುದು, ಅವನಿಗೆ ಸಿಕ್ಕಿದ್ದು ಅದೊಂದೇ ಇರಬಹುದು. ಹೀಗೆಯೇ ಇತ್ತು ಅಂತ ನಾನು ಹೇಳಲಾರೆ, ನೀವೂ ಊಹೆ ಮಾಡಿಕೊಳ್ಳಬೇಡಿ. ಮುಂದೆಂದಾದರೂ ಅವನೇ ಆ ಮಾತು ತೆಗೆದರೆ ಕೇಳಿಸಿಕೊಳ್ಳಿ.

ಫೋನ್ ಮಾಡಿ, ಅಥವಾ ಒಂದು ಮೆಸೇಜ್ ಹಾಕಿ. ‘ಅವತ್ತು ಆ ಜೋಕಿಗೆ ನಾನೂ ನಕ್ಕೆ ಕಣೋ. ನಗಬಾರದಿತ್ತು. ತಪ್ಪಾಯ್ತು’. ಇಷ್ಟೇ ಸಾಕು. ‘ನಿಂಗೆ ಬೇಜಾರಾಗಿದ್ರೆ’ ಅಂತ ಸೇರಿಸಬೇಡಿ. ಆಗಿದೆ ಅಂತ ಇಬ್ಬರಿಗೂ ಗೊತ್ತು. ‘ಯಾವ ಯಾವ ಸೀನ್ ತೊಂದರೆ ಅಂತ ನೀನೇ ಹೇಳು, ತಿಳ್ಕೋತೀವಿ’ ಅಂತ ಅವನನ್ನು ಮೇಷ್ಟ್ರು ಮಾಡಬೇಡಿ. ಕೂಡಲೇ ಉತ್ತರ ಬರದಿದ್ದರೆ ಸುಮ್ನೆ ಇರಿ, ಬೆನ್ನು ಹತ್ತಬೇಡಿ.

ಗೆಳತಿಯ ಹತ್ತಿರ ಮಾತಾಡುವ ಕೆಲಸವೂ ನಿಮ್ಮದೇ, ಅವನದಲ್ಲ. ಅದು ಅವನು ವಾಪಸ್ ಬರುವ ಮುಂಚೆಯೇ ಆಗಬೇಕು. ಗುಂಪಿನ ಎದುರು ಬೇಡ, ಒಬ್ಬಳೇ ಇರುವಾಗ ಹೇಳಿ. ಅವಳಿಗೆ ಒಂದು ಪ್ರಶ್ನೆ ಕೇಳಿ ನೋಡಿ: ಡೇನಾ ಸಾಯುವ ಕಂತು ಬಂದಾಗ ಯಾರಾದರೂ ‘ಹಳೇ ಸೀರಿಯಲ್ಲು’ ಅಂತ ಜೋಕ್ ಮಾಡಿದರೆ ಅವಳು ಸಹಿಸುತ್ತಾಳಾ? ಒಂದೇ ಸೀಸನ್. ಒಂದು ಪಾತ್ರಕ್ಕೆ ಕರ್ಚೀಫು, ಇನ್ನೊಂದಕ್ಕೆ ಗಡ್ಡದ ಜೋಕು.

ನಿಮ್ಮನ್ನು ಉಳಿಸಿದ ಸೀರಿಯಲ್ ಅಂದಿರಿ. ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ನೀವು ಬಾಗಿಲು ಹಾಕಿಕೊಂಡು ನೋಡುತ್ತಿದ್ದ ಕಾಲದಲ್ಲಿ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಪೂರ್ತಿ ಜಾರಿಯಲ್ಲಿತ್ತು. ಅದರ ಹಲ್ಲು ಕಿತ್ತಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆದದ್ದೇ 2008ರ ಜೂನ್‌ನಲ್ಲಿ. ಕನ್ನಡ ಧಾರಾವಾಹಿಗಳಲ್ಲಿ ಅತ್ತೆ ಸೊಸೆ ಬಿಟ್ಟು ಇಬ್ಬರು ಹೆಂಗಸರ ನಡುವೆ ಬೇರೆ ಏನೂ ಇರುವ ಹಾಗಿರಲಿಲ್ಲ. ಅಂಥ ಹೊತ್ತಲ್ಲಿ ವೆಸ್ಟ್ ಹಾಲಿವುಡ್‌ನ ಒಂದು ಕಾಫಿ ಅಂಗಡಿಯಲ್ಲಿ ಲೆಸ್ಬಿಯನ್ ಗೆಳತಿಯರು ಕೂತು ಹರಟೆ ಹೊಡೆಯುವುದನ್ನು ನೋಡಿ ಜೀವ ಹಿಡಿದುಕೊಂಡವರು ನೀವೊಬ್ಬರೇ ಅಲ್ಲ. ಅದರ ಮೇಲಿನ ಪ್ರೀತಿ ಇಟ್ಟುಕೊಂಡೇ, ಇದು ಮ್ಯಾಕ್ಸ್‌ಗೆ ಮಾಡಿದ್ದು ಸರಿಯಿಲ್ಲ ಅನ್ನಬಹುದು. ಆಲಿಸ್ ಮತ್ತು ಶೇನ್ ಪಾತ್ರ ಮಾಡಿದ ಲೀಶಾ ಹೇಯ್ಲಿ ಮತ್ತು ಕ್ಯಾಥರೀನ್ ಮೋನಿಗ್ 2020ರಿಂದ ಪಾಡ್‌ಕಾಸ್ಟ್ ಮಾಡುತ್ತಿದ್ದಾರೆ. ಹಳೆಯ ಕಂತುಗಳನ್ನು ನೋಡಿ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ಮಾಡಿದವರಿಗೇ ಅಷ್ಟು ಸಲೀಸಾಗಿ ಬರುವಾಗ ನೋಡಿದವರಿಗೆ ಯಾಕೆ ಕಷ್ಟ?

ಅವನು ‘ಇನ್ಮೇಲೆ ಬರಲ್ಲ’ ಅಂದರೆ ಒಪ್ಪಿಕೊಳ್ಳಿ. ನೀವು ನೋಡುವುದನ್ನು ನಿಲ್ಲಿಸಬೇಕಿಲ್ಲ. ಅವನ ಜೊತೆ ಬೇರೆ ಒಂದು ಸಂಜೆ ಇಟ್ಟುಕೊಳ್ಳಿ, ಅಲ್ಲಿ ಎಲ್ ವರ್ಡ್ ಮಾತೇ ಬೇಡ. ಬರುತ್ತೇನೆ ಅಂದರೆ, ಆರನೇ ಸೀಸನ್ ಶುರು ಮಾಡುವ ಮುಂಚೆ ಆ ಬೇಬಿ ಶವರ್ ಕಂತು ಯಾವುದು ಅಂತ ನೋಡಿಟ್ಟುಕೊಂಡು ಅವನಿಗೆ ಮೊದಲೇ ಹೇಳಿ. ಆ ವಾರ ಬೇಕಾದರೆ ಬರುತ್ತಾನೆ, ಬೇಡವಾದರೆ ಇಲ್ಲ. ಜೆನ್ನಿಯನ್ನು ಕೊಂದವರು ಯಾರು ಅನ್ನುವ ಜಗಳಕ್ಕಂತೂ ಅವನು ಇರಲೇಬೇಕು ಅಂತ ಹೇಳಿ.